ಪಾಳು ಮತ್ತು ಪಾಲನೆ

ಬಯಲುಸೀಮೆಯಲ್ಲಿ ಕೋಟೆಯೊಂದು ಕುಸಿದುಬಿದ್ದರೆ ಅದರ ಕಲ್ಲುಗಳು ಬಿಸಿಲಿನಲ್ಲಿ ಬಿದ್ದುಕೊಂಡು ನೂರಾರು ವರ್ಷ ತಮ್ಮ ಕಥೆಯನ್ನು ತಾವೇ ಹೇಳುತ್ತಿರುತ್ತವೆ. ಹಂಪೆಗೆ ಹೋದವನಿಗೆ ಅಲ್ಲೊಂದು ಸಾಮ್ರಾಜ್ಯವಿತ್ತೆಂದು ಯಾರೂ ತಿಳಿಯಹೇಳಬೇಕಾಗಿಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿ ಮಲೆಗಳಲ್ಲಿ ಪಾಳು ಹೀಗೆ ಎದ್ದು ಕಾಣುವುದಿಲ್ಲ. ಇಲ್ಲಿ ಮಾಡು ಕಳಚಿದ ಮನೆಯ ಗೋಡೆಗೆ ಮೊದಲ ಮಳೆಗಾಲದಲ್ಲಿ ಪಾಚಿ ಹಿಡಿಯುತ್ತದೆ. ಎರಡನೆಯದರಲ್ಲಿ ಜರಿಗಿಡ ಏಳುತ್ತದೆ. ಐದಾರು ಮಳೆಗಾಲ ಕಳೆಯುವಷ್ಟರಲ್ಲಿ ಬಸರಿಯದೋ ಗೋಳಿಯದೋ ಬೇರು ಗೋಡೆಯನ್ನು ಸೀಳಿರುತ್ತದೆ. ಆಮೇಲೆ ಅಲ್ಲಿ ಸಂಸಾರವೊಂದು ಬಾಳಿತ್ತೆಂಬುದಕ್ಕೆ ಹಿತ್ತಿಲಿನ ಹಲಸಿನ ಮರ, ತುಳಸಿಕಟ್ಟೆಯ ಕಲ್ಲು, ಇವಿಷ್ಟೇ ಸಾಕ್ಷಿ. ಕಾಡು ಇಲ್ಲಿ ಚರಿತ್ರೆಯನ್ನು ಬಲು ಬೇಗ ಮುಚ್ಚಿಬಿಡುತ್ತದೆ.

ಅದರಿಂದಲೇ ಇರಬೇಕು, ರಾಜ್ಯಗಳ ಏಳುಬೀಳಿನ ಮಾತು ಬಂದಾಗ ನಮ್ಮ ಕಡೆಯ ಊರುಗಳನ್ನು ಯಾರೂ ಉದಾಹರಿಸುವುದಿಲ್ಲ. ಆದರೆ ಒಂದು ಜನಸಮುದಾಯದ ಬಾಳಿನಲ್ಲಿ ಅವನತಿಯೆಂಬುದು ಹೇಗೆ ಬರುತ್ತದೆ, ಎಲ್ಲಿಂದ ತೊಡಗುತ್ತದೆ ಎಂಬುದನ್ನು ಅರಿಯಲು ಈ ಮಲೆಗಳು ಒಳ್ಳೆಯ ಪಾಠಶಾಲೆಯೆಂದು ನನಗೆ ತೋರುತ್ತದೆ. ಹೀಗೆ ತೋರಲು ಕಾರಣ ನಾನು ಬಾಲಕನಾಗಿದ್ದಾಗ ಕೇಳಿದ ಒಂದು ಸಣ್ಣ ಉತ್ತರ.

ನಮ್ಮ ಶಾಲೆಯ ಮೇಷ್ಟರು ಒಮ್ಮೆ ನಮ್ಮನ್ನೆಲ್ಲ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿಗೆ ಕರೆದೊಯ್ದಿದ್ದರು. ಕಾಫಿ ತೋಟಗಳ ನಡುವಣ ಸಣ್ಣ ಹಳ್ಳಿ. ಗಿಡಗಂಟಿಗಳ ಮಧ್ಯೆ ಜೈನ ಬಸದಿಗಳು ಮೂರು. ಬೇರೊಂದೆಡೆ ಕೇಶವ, ಪಾತಾಳರುದ್ರೇಶ್ವರ, ಮಲ್ಲಿಕಾರ್ಜುನ ದೇವಾಲಯಗಳ ಅವಶೇಷಗಳು. ಕಂಬಗಳ ಮೇಲೆ ಹಾವಸೆ ಕಟ್ಟಿತ್ತು. ಹೊಯ್ಸಳರ ಮೂಲಸ್ಥಾನ ಇದೇ ಎಂದು ಮೇಷ್ಟರು ಹೇಳಿದಾಗ ನಮ್ಮಲ್ಲೊಬ್ಬ, "ಇದನ್ನು ಹಾಳುಮಾಡಿದವರು ಯಾರು ಸಾರ್?" ಎಂದು ಕೇಳಿದ. ನಮ್ಮ ಪಾಠದ ಪುಸ್ತಕದಲ್ಲಿ ಹಾಳುಮಾಡಿದವನ ಹೆಸರೊಂದು ಇದ್ದೇ ಇರುತ್ತಿತ್ತಲ್ಲ! ಮೇಷ್ಟರು ತುಸು ಹೊತ್ತು ಸುಮ್ಮನಿದ್ದು, "ಯಾರೂ ಹಾಳು ಮಾಡ್ಲಿಲ್ಲ ಕಣ್ರೋ. ಬಿಟ್ಟು ಹೋದ್ರು, ಅಷ್ಟೆ" ಎಂದರು. ನಮಗೆ ಅಂದು ನಿರಾಶೆಯಾಯಿತು. ಆ ಮಾತಿನ ತೂಕ ತಿಳಿಯಲು ನನಗೆ ಬಹಳ ವರ್ಷಗಳು ಬೇಕಾದವು.

ಪಾಳಿನ ಮುಂದೆ ನಿಂತವನಲ್ಲಿ ಮೊದಲು ಏಳುವ ಪ್ರಶ್ನೆ ಆ ಹುಡುಗನದೇ: ಕೆಡವಿದವರು ಯಾರು? ಇದು ಲೋಕದ ಎಲ್ಲೆಡೆಯೂ ಇರುವ ಮನೋಧರ್ಮ. ೧೭೬೪ರಲ್ಲಿ ರೋಮಿನ ಅವಶೇಷಗಳ ನಡುವೆ ಕುಳಿತಿದ್ದಾಗ ಆ ನಗರದ ಅವನತಿಯನ್ನು ಕುರಿತು ಬರೆಯುವ ಯೋಚನೆ ತನ್ನಲ್ಲಿ ಮೊಳೆಯಿತೆಂದು ಆಂಗ್ಲ ಚರಿತ್ರಕಾರ ಗಿಬ್ಬನ್ ಹೇಳಿಕೊಂಡಿದ್ದಾನೆ. ನಮ್ಮಲ್ಲಿ ಆಲೂರು ವೆಂಕಟರಾಯರು ೧೯೦೫ರಲ್ಲಿ ಹಂಪೆಯನ್ನು ಕಂಡರು. ಆ ದರ್ಶನ ಅವರ ಬಾಳಿನ ದಿಕ್ಕನ್ನೇ ತಿರುಗಿಸಿತು. ೧೯೧೭ರಲ್ಲಿ ಅವರ 'ಕರ್ನಾಟಕ ಗತವೈಭವ' ಹೊರಬಂದಿತು. ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ಆ ಗ್ರಂಥ ನೀಡಿದ ಆತ್ಮವಿಶ್ವಾಸ ಸಾಮಾನ್ಯವಾದುದಲ್ಲ. ೧೯೫೬ರ ಏಕೀಕರಣದ ಹಿಂದೆ ಹಂಪೆಯ ಕಲ್ಲುಗಳಿಗೂ ಒಂದು ಪಾಲು ಉಂಟು.

ಈ ಉಪಕಾರವನ್ನು ನೆನೆದುಕೊಂಡೇ ಹೇಳಬೇಕು, ಗತವೈಭವದ ದೃಷ್ಟಿಗೆ ಒಂದು ಮಿತಿಯೂ ಉಂಟು. ಅದು ಅವನತಿಯನ್ನು ಒಂದು ದಿನದ ಘಟನೆಯಾಗಿ ಕಾಣುತ್ತದೆ. ವೈಭವವಿತ್ತು, ವೈರಿ ಬಂದ, ವೈಭವ ಅಳಿಯಿತು ಎಂದರೆ ಕಥೆ ಮುಗಿಯಿತು. ೧೫೬೫ರ ತಾಳಿಕೋಟೆಯ ಯುದ್ಧ ವಿಜಯನಗರಕ್ಕೆ, ೧೩೧೧ರ ಮಲಿಕ್ ಕಾಫೂರನ ದಾಳಿ ದೋರಸಮುದ್ರಕ್ಕೆ ಎಂದು ನಾವು ಬಾಯಿಪಾಠ ಮಾಡಿದ್ದೇವೆ. ಆ ಪೆಟ್ಟುಗಳು ಸುಳ್ಳಲ್ಲ, ಸಣ್ಣವೂ ಅಲ್ಲ. ಆದರೆ ೧೩೧೧ರ ಬಳಿಕವೂ ಮೂರನೆಯ ವೀರಬಲ್ಲಾಳ ಸುಮಾರು ಮೂವತ್ತು ವರ್ಷ ಅರಸನಾಗಿಯೇ ಇದ್ದ. ೧೩೨೭ರಲ್ಲಿ ಮತ್ತೊಂದು ದಾಳಿಯಾಯಿತು. ಅವನ ಕಡೆಯ ವರ್ಷಗಳ ಹೋರಾಟವೆಲ್ಲ ತಮಿಳುನಾಡಿನ ಕಡೆ, ತಿರುವಣ್ಣಾಮಲೆಯ ಸುತ್ತ ನಡೆಯಿತು. ದೋರಸಮುದ್ರಕ್ಕೆ ಅರಸುಮನೆ ಮರಳಿ ಬರಲಿಲ್ಲ. ಜನ ಆ ಊರನ್ನು ಹಳೇಬೀಡು ಎಂದು ಕರೆದರು. ಹಳೆಯದಾದ ಬೀಡು ಎಂದರೆ ಬಿಟ್ಟುಹೋದ ಬೀಡು. ದಾಳಿಯ ನೆನಪಿಗಿಂತ ಬಿಟ್ಟುಹೋದದ್ದರ ನೆನಪು ಆ ಹೆಸರಿನಲ್ಲಿ ನಿಂತಿದೆ.

ಇನ್ನು ಅಂಗಡಿಯ ವಿಚಾರಕ್ಕೆ ಬರೋಣ. ಇದರ ಹಳೆಯ ಹೆಸರು ಸೊಸೆವೂರು, ಸಂಸ್ಕೃತದಲ್ಲಿ ಶಶಕಪುರ. ಇಲ್ಲಿಯ ವಾಸಂತಿಕಾದೇವಿಯ ಸನ್ನಿಧಿಯಲ್ಲಿ ಹುಲಿಯೊಂದು ಮೇಲೆರಗಿದಾಗ ಜೈನಮುನಿ ಸುದತ್ತರು "ಪೊಯ್ ಸಳ" ಎಂದರೆಂದೂ, ಸಳನು ಹುಲಿಯನ್ನು ಹೊಡೆದು ಹೊಯ್ಸಳನಾದನೆಂದೂ ಹೇಳುವ ಐತಿಹ್ಯವನ್ನು ಕನ್ನಡ ಮಕ್ಕಳೆಲ್ಲ ಬಲ್ಲರು. ವಿದ್ವಾಂಸರು ಅದನ್ನು ಐತಿಹ್ಯವೆಂದೇ ಎಣಿಸುತ್ತಾರೆ. ಹೊಯ್ಸಳರ ಬಿರುದುಗಳಲ್ಲಿ ಒಂದು ಮಾತ್ರ ಐತಿಹ್ಯಕ್ಕಿಂತ ಗಟ್ಟಿಯಾದ ಸಾಕ್ಷ್ಯ ನೀಡುತ್ತದೆ. 'ಮಲೆಪರೊಳ್ ಗಂಡ' ಎಂಬುದು ಆ ಬಿರುದು. ಮಲೆಯ ಒಡೆಯರಲ್ಲಿ ಶೂರನೆಂದು ಅದರ ಅರ್ಥ. ದೊಡ್ಡ ಅರಸರಾದ ಮೇಲೂ ಅವರು ಈ ಬಿರುದನ್ನು ಕಳಚಲಿಲ್ಲ. ನಮ್ಮ ಮಲೆಗಳಲ್ಲಿ ಅಲ್ಲೊಬ್ಬ ಇಲ್ಲೊಬ್ಬ ಎಂಬಂತಿದ್ದ ಸಣ್ಣ ಒಡೆಯರ ನಡುವಿನಿಂದ ಎದ್ದು ಬಂದವರು ತಾವೆಂಬ ಅರಿವು ಅವರಿಗಿತ್ತು.

ಹನ್ನೊಂದನೆಯ ಶತಮಾನದಲ್ಲಿ ವಿನಯಾದಿತ್ಯನ ಕಾಲಕ್ಕೆ ಈ ಮನೆತನ ಕಲ್ಯಾಣದ ಚಾಲುಕ್ಯರ ಸಾಮಂತಪದವಿಗೆ ಏರಿತ್ತು. ಆತನ ಗುರು ಶಾಂತಿದೇವರು ಸೊಸೆವೂರಿನಲ್ಲಿ ದೇಹ ಬಿಟ್ಟರೆಂದು ಹೇಳುವ ೧೦೬೨ರ ಶಾಸನ ಅಂಗಡಿಯಲ್ಲಿಯೇ ದೊರೆತಿದೆ. ಅರಸ, ಗುರು, ಬಸದಿ ಈ ಮೂರೂ ಅಂದು ಒಂದೇ ಊರಿನಲ್ಲಿದ್ದವು. ಆಮೇಲೆ ಮನೆತನ ಬೆಳೆಯಿತು. ಬೆಳೆದ ರಾಜ್ಯಕ್ಕೆ ಮಲೆಯ ಮೂಲೆಯ ಊರು ಸಾಲದು. ಭತ್ತದ ಬಯಲು ಬೇಕು, ದೊಡ್ಡ ಕೆರೆ ಬೇಕು, ದಂಡು ಸಾಗುವ ದಾರಿ ಬೇಕು. ಬೀಡು ಬೇಲೂರಿಗೂ ದೋರಸಮುದ್ರಕ್ಕೂ ಇಳಿಯಿತು. ವಿಷ್ಣುವರ್ಧನ ೧೧೧೬ರಲ್ಲಿ ತಲಕಾಡಿನಲ್ಲಿ ಚೋಳರನ್ನು ಗೆದ್ದ. ೧೧೧೭ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠಿತವಾಯಿತು. ಸೊಸೆವೂರನ್ನು ಯಾವ ವೈರಿಯೂ ಸೂರೆಮಾಡಿ ಅಳಿಸಲಿಲ್ಲ. ಅದರ ಮಕ್ಕಳು ಏಳಿಗೆ ಹೊಂದಿದ್ದೇ ಅದರ ಅಳಿವಿಗೆ ಕಾರಣವಾಯಿತು. ಅರಮನೆಯ ಹೆಸರು ಮರೆತು ಅಂಗಡಿಯ ಹೆಸರು ಉಳಿಯಿತು. ೨೦೨೩ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ ನಾಡೆಲ್ಲ ಹಿಗ್ಗಿತು, ನಾನೂ ಹಿಗ್ಗಿದೆ. ಆ ಮನೆತನದ ತವರೂರು ಆ ಪಟ್ಟಿಯಲ್ಲಿಲ್ಲ.

ಆದರೆ ಅಂಗಡಿಯಲ್ಲಿ ಎಲ್ಲವೂ ಪಾಳಾಗಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ವಾಸಂತಿಕಾದೇವಿಗೆ, ಊರವರ ಬಾಯಲ್ಲಿ ವಸಂತಮ್ಮನಿಗೆ, ಇಂದಿಗೂ ಪೂಜೆಯಿದೆ. ಆ ಗುಡಿಯ ದೇವತೆಗಳು ಮಣ್ಣಿನ ಮೂರ್ತಿಗಳು. ಯೋಚಿಸಿ ನೋಡಿ, ಅರಸರ ಆಶ್ರಯದ ಕಲ್ಲಿನ ಕಟ್ಟಡಗಳು ಶಿಥಿಲವಾದವು. ಮಳೆಯ ಈ ನಾಡಿನಲ್ಲಿ ಮಣ್ಣಿನ ದೇವಿ ಉಳಿದಳು. ಮಣ್ಣಿಗೆ ನೀರು ತಾಗಬಾರದು. ಮಾಡು ಒಂದು ವರ್ಷ ಸೋರಿದರೂ ಮೂರ್ತಿ ಕೆಡುತ್ತದೆ. ಅಂದರೆ ಅಲ್ಲಿ ಪ್ರತಿ ಮಳೆಗಾಲಕ್ಕೂ ಮುನ್ನ ಮಾಡನ್ನು ನೋಡುವವರು ತಲೆತಲಾಂತರದಿಂದ ಇದ್ದರು ಎಂದಾಯಿತು. ಬಸದಿಗಳಿಗೆ ಆಧಾರವಾಗಿದ್ದದ್ದು ಅರಸುಮನೆ ಮತ್ತು ಗುರುಪರಂಪರೆ. ಅವೆರಡೂ ಬೇರೆಡೆಗೆ ಸರಿದಾಗ ಕಲ್ಲು ಅನಾಥವಾಯಿತು. ದೇವಿಗೆ ಆಧಾರ ಸುತ್ತಣ ಊರುಗಳ ಹರಕೆ. ಊರವರು ಇರುವ ತನಕ ಅದಕ್ಕೆ ಕೊರತೆಯಿಲ್ಲ.

ನಮ್ಮ ಪೂರ್ವಿಕರಿಗೆ ಈ ಸೂಕ್ಷ್ಮ ತಿಳಿಯದೆ ಇರಲಿಲ್ಲ. ದಾನಶಾಸನಗಳನ್ನು ಓದಿದವರಿಗೆ ಗೊತ್ತಿದೆ, ಅವುಗಳ ಕೊನೆಗೆ ಒಂದು ಎಚ್ಚರಿಕೆ ಇರುತ್ತದೆ. ಈ ಧರ್ಮವನ್ನು ಅಳಿದವನು ವಾರಣಾಸಿಯಲ್ಲಿ ಗೋವುಗಳನ್ನು ಕೊಂದ ಪಾಪಕ್ಕೆ ಹೋಗುವನೆಂಬ ಶಾಪವನ್ನು ನಾವೆಲ್ಲ ಕೇಳಿದ್ದೇವೆ. ಅದರ ಜೊತೆಗೆ ಬರುವ ಇನ್ನೊಂದು ಮಾತನ್ನು ಅಷ್ಟಾಗಿ ಗಮನಿಸುವುದಿಲ್ಲ: ಕೊಡುವುದು ಮತ್ತು ಕೊಟ್ಟದ್ದನ್ನು ಕಾಪಾಡುವುದು ಈ ಎರಡರಲ್ಲಿ ಕಾಪಾಡುವುದೇ ಮೇಲು ಎಂಬ ಅಭಿಪ್ರಾಯ. ಕಟ್ಟಿದವನ ಹೆಸರು ಶಾಸನದಲ್ಲಿ ನಿಲ್ಲುತ್ತದೆ. ವರ್ಷ ವರ್ಷವೂ ಸೋರುವ ಮಾಡನ್ನು ಸರಿಪಡಿಸಿದವನ ಹೆಸರು ಎಲ್ಲಿಯೂ ಇರುವುದಿಲ್ಲ. ಶಾಸನ ಬರೆಸಿದವನಿಗೆ ಇದು ಗೊತ್ತು. ಆದ್ದರಿಂದಲೇ ಮುಂದೆ ಬರುವ ಆ ಹೆಸರಿಲ್ಲದವನನ್ನು ಅವನು ಕೈಮುಗಿದು ಬೇಡಿಕೊಳ್ಳುತ್ತಾನೆ, ಹೆದರಿಸುತ್ತಾನೆ, ಪುಣ್ಯದ ಆಸೆ ತೋರಿಸುತ್ತಾನೆ. ಕಲ್ಲು ತಾನಾಗಿ ನಿಲ್ಲುವುದಿಲ್ಲ, ಅದನ್ನು ನಿಲ್ಲಿಸುವ ಏರ್ಪಾಟು ನಿಲ್ಲಬೇಕು ಎಂಬ ಅರಿವು ಆ ಶಾಪಾಶಯದಲ್ಲಿ ಅಡಗಿದೆ.

ದೂರದ ಉತ್ತರ ಆಫ್ರಿಕದಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಬಾಳಿದ ಇಬ್ನ್ ಖಾಲ್ದೂನ್ ಎಂಬ ಚರಿತ್ರಕಾರ ರಾಜವಂಶಗಳ ಅವನತಿಗೆ ಒಂದು ಸೂತ್ರವನ್ನೇ ಹೇಳಿದ. ಮರುಭೂಮಿಯ, ಬೆಟ್ಟಗಾಡಿನ ಜನರಲ್ಲಿ ಒಬ್ಬರಿಗೊಬ್ಬರು ಕಟ್ಟುಬಿದ್ದ ಬಂಧುಭಾವ ಬಲವಾಗಿರುತ್ತದೆ. ಅದರ ಬಲದಿಂದ ಅವರು ನಗರಗಳನ್ನು ಗೆಲ್ಲುತ್ತಾರೆ. ನಗರದ ಸುಖದಲ್ಲಿ ಆ ಭಾವ ಕರಗಿ ಮೂರು ನಾಲ್ಕು ತಲೆಮಾರಿಗೆ ಮನೆತನ ಕುಸಿಯುತ್ತದೆ ಎಂಬುದು ಅವನ ವಾದ. ಮಲೆಯಿಂದ ಇಳಿದ ಹೊಯ್ಸಳರಿಗೆ ಈ ಸೂತ್ರದ ಮೊದಲರ್ಧ ಚೆನ್ನಾಗಿ ಹೊಂದುತ್ತದೆ. ಅವರು ಮೂರು ಶತಮಾನ ಬಾಳಿದ್ದರಿಂದ ಉತ್ತರಾರ್ಧ ಅಷ್ಟಾಗಿ ಹೊಂದದು. ಆದರೆ ಅವನು ಕೇಳದೆ ಬಿಟ್ಟ ಪ್ರಶ್ನೆಯೊಂದು ನಮ್ಮ ಮಲೆಗಳಲ್ಲಿ ನಿಂತವನಿಗೆ ಎದುರಾಗುತ್ತದೆ. ಗೆದ್ದವರು ಬೆಟ್ಟ ಇಳಿದುಹೋದ ಮೇಲೆ ಬೆಟ್ಟದ ಗತಿಯೇನು?

ಈ ಪ್ರಶ್ನೆಗೆ ಕಳಸದ ಉತ್ತರ ಅಂಗಡಿಯ ಉತ್ತರಕ್ಕಿಂತ ಬೇರೆ. ಭದ್ರೆಯ ದಡದ ಈ ಊರೂ ಒಂದು ಕಾಲಕ್ಕೆ ರಾಜಧಾನಿಯೇ. ಹೊಂಬುಜದ ಸಾಂತರ ಮನೆತನದ ಶಾಖೆಯೊಂದು ಇಲ್ಲಿ ನೆಲೆಸಿ ಆಳಿತು. ಹದಿಮೂರನೆಯ ಶತಮಾನದಲ್ಲಿ ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ರಾಣಿಯರು ಇಲ್ಲಿ ರಾಜ್ಯಭಾರ ಮಾಡಿದರು. ಈ ಮನೆತನವೂ ಮಲೆಯಿಂದ ಇಳಿಯಿತು. ಆದರೆ ಪೂರ್ವದ ಬಯಲಿಗಲ್ಲ, ಘಟ್ಟದ ಕೆಳಗಿನ ಕಾರ್ಕಳಕ್ಕೆ. ಅಲ್ಲಿ ೧೪೩೨ರಲ್ಲಿ ವೀರಪಾಂಡ್ಯ ಗೊಮ್ಮಟನನ್ನು ನಿಲ್ಲಿಸಿದ. ೧೫೮೬ರಲ್ಲಿ ಚತುರ್ಮುಖ ಬಸದಿ ಎದ್ದಿತು. ವೈಭವವೆಲ್ಲ ಕೆಳಗೆ ಹರಿದುಹೋಯಿತು ಎನ್ನಬಹುದು. ಆದರೂ ಕಳಸ ಕಾಡಿನಲ್ಲಿ ಮುಚ್ಚಿಹೋಗಲಿಲ್ಲ. ಜೈನರಾಗಿದ್ದ ಆ ಅರಸರು ಶಿವನಾದ ಕಳಸನಾಥನಿಗೂ ನಡೆದುಕೊಂಡಿದ್ದರು. ಅವರು ಹೋದ ಮೇಲೂ ಕಳಸೇಶ್ವರನ ಗಿರಿಜಾಕಲ್ಯಾಣ ನಿಲ್ಲಲಿಲ್ಲ. ಭದ್ರೆಯ ಪಂಚತೀರ್ಥಗಳಿಗೆ ಬರುವ ಯಾತ್ರಿಕರ ಕಾಲುಹಾದಿ ಅಳಿಯಲಿಲ್ಲ. ಸಮೀಪದ ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿಯ ಹೆಸರಿನಲ್ಲಿ ಬಂದವರಿಗೆಲ್ಲ ಅನ್ನವಿಕ್ಕುವ ಒಲೆ ಆರಿಲ್ಲ. ರಾಜಧಾನಿಯ ಪಟ್ಟ ಹೋದರೂ ಊರಿಗೆ ಊರಾಗಿರಲು ಬೇರೊಂದು ಕಾರಣ ಉಳಿದಿತ್ತು. ಇಂದು ಅದು ತಾಲ್ಲೂಕು ಕೇಂದ್ರ.

ಇಷ್ಟು ಹೊತ್ತು ಅರಸರ ಕಾಲದ ಮಾತಾಯಿತು. ಇನ್ನು ನಮ್ಮ ಕಾಫಿಯ ಕಾಲಕ್ಕೆ ಬಂದರೆ ಅವನತಿಯನ್ನು ತಡೆದು ನಿಲ್ಲಿಸಿದ ಒಂದು ನಿದರ್ಶನ ದೊರೆಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಾಬಾ ಬುಡನ್ ಯೆಮೆನ್ನಿನಿಂದ ಏಳು ಬೀಜಗಳನ್ನು ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬುದು ಐತಿಹ್ಯ. ೧೮೩೦ರ ಸುಮಾರಿಗೆ ಕ್ಯಾನನ್ ಎಂಬ ಆಂಗ್ಲ ಬೆಳೆಗಾರ ಚಿಕ್ಕಮಗಳೂರಿನ ಬಳಿ ದೊಡ್ಡ ತೋಟ ಮಾಡಿದ ಮೇಲೆ ದೊರೆಗಳ ಸಾಲೇ ಬಂದಿತು. ಅಂದು ಬೆಳೆಯುತ್ತಿದ್ದ ತಳಿಯನ್ನು ಚಿಕ್ ಕಾಫಿ ಎನ್ನುತ್ತಿದ್ದರು. ೧೮೬೦ರ ದಶಕದಲ್ಲಿ ಕಾಂಡಕೊರಕದ ಹಾವಳಿ ಹಬ್ಬಿ, ಮದ್ರಾಸಿನ ಡಾಕ್ಟರ್ ಬಿಡಿ ಎಂಬಾತ ೧೮೬೯ರಲ್ಲಿ ಅದನ್ನು ಕುರಿತು ವರದಿಯನ್ನೇ ಬರೆಯಬೇಕಾಯಿತು. ಹೊರಗಿನಿಂದ ಹಸುರಾಗಿ ಕಾಣುವ ಗಿಡದೊಳಗೆ ಹುಳು ಸುರಂಗ ಕೊರೆದಿರುತ್ತದೆ. ಒಂದು ದಿನ ಕೈಯಿಂದ ಬಗ್ಗಿಸಿದರೆ ಲಟಕ್ಕನೆ ಮುರಿಯುತ್ತದೆ. ತೋಟ ತೋಟಗಳೇ ಸತ್ತು ಕಾಡು ಬಿದ್ದವು. ಅದೇ ೧೮೬೯ರಲ್ಲಿ ಸಿಂಹಳದಲ್ಲಿ ಎಲೆ ತುಕ್ಕು ರೋಗ ಕಾಣಿಸಿಕೊಂಡು, ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿನ ಕಾಫಿ ಕೃಷಿಯೇ ಅಳಿದು ಚಹಾ ಬಂದಿತು.

ನಮ್ಮ ಮಲೆಗಳಲ್ಲಿ ಕಾಫಿ ಅಳಿಯಲಿಲ್ಲ. ಮರಗಳನ್ನು ಬೋಳಿಸಿ ಬಿಸಿಲಿಗೆ ಒಡ್ಡಿದ ತೋಟಗಳಲ್ಲಿ ಹುಳು ಹೆಚ್ಚೆಂಬುದನ್ನು ಬೆಳೆಗಾರರು ಅನುಭವದಿಂದ ಕಂಡುಕೊಂಡರು; ನೆರಳಿನ ಮರಗಳನ್ನು ಉಳಿಸಿದರು, ಇಲ್ಲದೆಡೆ ನೆಟ್ಟರು. ಚಿಕ್ ತಳಿಯ ಜಾಗಕ್ಕೆ ಕೊಡಗಿನ ತಳಿ ತಂದರು. ಅದಕ್ಕೂ ತುಕ್ಕು ತಗುಲಿದಾಗ ೧೯೧೧ರಲ್ಲಿ ಕೆಂಟ್ ಎಂಬ ಬೆಳೆಗಾರ ತನ್ನ ತೋಟದಲ್ಲಿ ರೋಗ ತಡೆದು ನಿಂತ ಗಿಡವನ್ನು ಗುರುತಿಸಿ ಬೀಜ ಮಾಡಿದ. ೧೯೨೫ರಲ್ಲಿ ಮೈಸೂರು ಸರ್ಕಾರ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಅಲ್ಲಿಂದ ಬಂದ ಎಸ್. ೭೯೫ ತಳಿಯನ್ನು ಇಂದಿಗೂ ನಮ್ಮ ತೋಟಗಳಲ್ಲಿ ಕಾಣಬಹುದು. ಕಾಂಡಕೊರಕ ಹೋಗಿಲ್ಲ, ಈಗಲೂ ಇದೆ. ಪ್ರತಿ ವರ್ಷ ಗಿಡ ಗಿಡವನ್ನೂ ನೋಡಿ, ಹುಳು ಹಿಡಿದದ್ದನ್ನು ಕಿತ್ತು ಸುಡುವ ಕೆಲಸ ನಿಂತರೆ ಹತ್ತೇ ವರ್ಷದಲ್ಲಿ ೧೮೬೦ರ ದಶಕ ಮರಳೀತು. ಕಾಫಿ ಉಳಿದದ್ದು ಒಂದು ಸಾರಿ ಗೆದ್ದದ್ದರಿಂದಲ್ಲ, ಬೇಸರಿಸದೆ ನೋಡಿಕೊಂಡದ್ದರಿಂದ.

ಇದಕ್ಕೆ ನೇರ ಎದುರಾದ ಉದಾಹರಣೆ ಕಳಸದಿಂದ ಅಷ್ಟೇನೂ ದೂರವಿಲ್ಲದ ಕುದುರೆಮುಖ ಪಟ್ಟಣ. ನನ್ನ ತಲೆಮಾರಿನವರ ಕಣ್ಣಮುಂದೆಯೇ ಹುಟ್ಟಿ ಕಣ್ಣಮುಂದೆಯೇ ಬರಿದಾದ ಊರು ಅದು. ಇರಾನಿನ ಷಾ ಸರ್ಕಾರದೊಡನೆ ೧೯೭೫ರಲ್ಲಿ ಆದ ಒಪ್ಪಂದದ ಮೇಲೆ, ಅಲ್ಲಿಯ ಹಣದಿಂದ, ಅಲ್ಲಿಗೇ ಅದಿರು ಕಳಿಸಲೆಂದು ೧೯೭೬ರಲ್ಲಿ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಹುಟ್ಟಿತು. ಗುಡ್ಡಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದರು. ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ ಕೊಳವೆಯಲ್ಲಿ ಮಂಗಳೂರಿಗೆ ಹರಿಸಿದರು. ಉಳಿದ ಕೆಸರನ್ನು ತಡೆಯಲು ಲಕ್ಯಾ ಹೊಳೆಗೆ ಅಣೆಕಟ್ಟು ಕಟ್ಟಿದರು. ಕಾರ್ಖಾನೆ ಸಿದ್ಧವಾಗುವ ಹೊತ್ತಿಗೆ, ೧೯೭೯ರ ಕ್ರಾಂತಿಯಲ್ಲಿ ಷಾನ ಪ್ರಭುತ್ವವೇ ಉರುಳಿತ್ತು. ದೂರದ ತೆಹರಾನಿನಲ್ಲಿ ಸಿಂಹಾಸನ ಅಲುಗಿದ್ದು ಭದ್ರೆಯ ಉಗಮದ ಕಾಡಿಗೂ ತಟ್ಟಿತು. ಬೇರೆ ಗಿರಾಕಿಗಳನ್ನು ಹುಡುಕಿಕೊಂಡು ಗಣಿ ನಡೆಯಿತು. ಶಾಲೆ, ಆಸ್ಪತ್ರೆ, ಸಾಲು ಸಾಲು ಮನೆಗಳು, ರಾತ್ರಿ ದೀಪದ ಬೆಳಕು. ನಮ್ಮ ಹಳ್ಳಿಯ ಹುಡುಗರಿಗೆ ಅದೊಂದು ಅಮರಾವತಿ.

೧೯೮೭ರಲ್ಲಿ ಸುತ್ತಣ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಗಣಿಯ ಮಣ್ಣು ಮಳೆಗಾಲದಲ್ಲಿ ಭದ್ರೆಯನ್ನು ಕೆಂಪಾಗಿಸುತ್ತಿದೆಯೆಂದು ಪರಿಸರಪ್ರೇಮಿಗಳು ಹೋರಾಡಿದರು. ೨೦೦೨ರಲ್ಲ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ೨೦೦೫ರ ಕೊನೆಗೆ ಗಣಿ ನಿಂತಿತು. ನದಿಯ ಹಿತದಿಂದ ನೋಡಿದರೆ ಅದು ಒಳ್ಳೆಯದೇ ಆಯಿತೆಂದು ನನ್ನ ಅಭಿಪ್ರಾಯ. ಆದರೆ ಆ ಪಟ್ಟಣದ ಪಾಠವನ್ನು ನಾವು ಮರೆಯಬಾರದು. ಕೆಲಸಗಾರರು ಹೊರಟ ಕೆಲವೇ ವರ್ಷಗಳಲ್ಲಿ ಮನೆಗಳ ಗೋಡೆಗೆ ಪಾಚಿ ಬಂದಿತು, ಕಿಟಕಿಗಳಲ್ಲಿ ಬಳ್ಳಿ ಇಳಿಯಿತು. ಸೊಸೆವೂರಿಗೆ ಶತಮಾನಗಳು ಬೇಕಾದ ಸ್ಥಿತಿಗೆ ಇದು ಒಂದು ದಶಕದಲ್ಲಿ ತಲುಪಿತು. ಒಂದೇ ಕಾರಣಕ್ಕಾಗಿ ಹುಟ್ಟಿದ ಊರು ಆ ಕಾರಣದೊಡನೆಯೇ ಸಾಯುತ್ತದೆ. ಕಳಸಕ್ಕಿದ್ದ ಎರಡನೆಯ ಕಾರಣ ಅದಕ್ಕಿರಲಿಲ್ಲ.

ಇನ್ನು ನನ್ನ ಊರಿನ ಮಾತನ್ನು ಹೇಳದೆ ಈ ಭಾಷಣವನ್ನು ಮುಗಿಸಿದರೆ ಅಪ್ರಾಮಾಣಿಕವಾದೀತು. ನಮ್ಮ ಊರಿನ ಕಣಿವೆಯಲ್ಲಿ ಒಂದು ಕೆರೆಯಿತ್ತು. ಕೆಳಗೆ ಭತ್ತದ ಗದ್ದೆಗಳು. ಪ್ರತಿ ವರ್ಷ ಮುಂಗಾರಿಗೆ ಮೊದಲು ಮನೆಗೊಂದಾಳಿನಂತೆ ಸೇರಿ ಹೂಳೆತ್ತುವುದು, ಏರಿಗೆ ಮಣ್ಣು ಹಾಕುವುದು, ತೂಬು ಸರಿಪಡಿಸುವುದು ನಡೆದುಬಂದ ಪದ್ಧತಿ. ಆಮೇಲೆ ಭತ್ತ ಬೆಳೆದರೆ ಕೂಲಿಯೂ ಹುಟ್ಟದೆಂದಾಯಿತು. ಮಕ್ಕಳು ಬೆಂಗಳೂರು ಸೇರಿದರು. ಕೆಲವರು ಗದ್ದೆಗೆ ಅಡಿಕೆ ಹಾಕಿದರು. ಉಳಿದವರು, ಅವರಲ್ಲಿ ನಾನೂ ಒಬ್ಬ, ಹಡ್ಲು ಬಿಟ್ಟೆವು. ಕಾಫಿಗೆ ಬೆಲೆ ಬಂದ ವರ್ಷ ಗದ್ದೆ ನೆನಪಾಗಲಿಲ್ಲ, ಬೆಲೆ ಬಿದ್ದ ವರ್ಷ ಗದ್ದೆ ಮಾಡಲು ಕೈಯಲ್ಲಿ ಹಣವಿರಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ದೊಡ್ಡ ಮಳೆಗೆ ತೂಬು ಒಡೆದು ಕೆರೆ ಬರಿದಾಯಿತು. ಮಳೆಯನ್ನು ಬೈಯುತ್ತ ನಾನು ಏರಿಯ ಮೇಲೆ ನಿಂತಿದ್ದಾಗ, ನಮ್ಮ ತೋಟದಲ್ಲಿ ಬಹುಕಾಲ ದುಡಿದ ಹಿರಿಯರೊಬ್ಬರು, "ಅಯ್ಯಾ, ತೂಬು ಒಡೆದದ್ದು ಇವತ್ತು. ಕೆರೆ ಹೋದದ್ದು ನೀವೆಲ್ಲ ಗದ್ದೆ ಬಿಟ್ಟ ವರ್ಷವೇ" ಎಂದರು. ನನ್ನ ಮೇಷ್ಟರ ಮಾತು ಅಲ್ಲಿ ನೆನಪಾಯಿತು. ಮಳೆ ಈ ಕಥೆಯ ಮಲಿಕ್ ಕಾಫೂರ, ಅಷ್ಟೆ.

ಹಳೆಯ ಏರ್ಪಾಟನ್ನು ಹೊಗಳುವುದು ನನ್ನ ಉದ್ದೇಶವಲ್ಲ. 'ಮನೆಗೊಂದಾಳು' ಎಂದು ನಾನು ಹೇಳಿದೆ. ಹೂಳು ಹೊತ್ತವರಲ್ಲಿ ಬಹುಮಂದಿಗೆ ಆ ಕೆರೆಯ ಕೆಳಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಗದ್ದೆಯಿದ್ದ ಮನೆಯವರು ಏರಿಯ ಮೇಲೆ ನಿಲ್ಲುತ್ತಿದ್ದರು, ಆ ಮನೆಯ ಆಳು ಕೆಸರಿಗೆ ಇಳಿಯುತ್ತಿದ್ದ. ನನಗೆ ಆ ಮಾತನ್ನು ಹೇಳಿದ ಹಿರಿಯರು ಹಾಗೆ ಇಳಿದವರೇ. ೧೯೭೬ರಲ್ಲಿ ಜೀತಪದ್ಧತಿಯನ್ನು ರದ್ದುಗೊಳಿಸುವ ಕಾನೂನು ಬಂದಿತು. ಕ್ರಮೇಣ ಕೂಲಿಗೆ ಬೆಲೆ ಬಂದಿತು. ಅವರ ಮಕ್ಕಳು ಶಾಲೆಗೆ ಹೋದರು. ನಾವು ಅವನತಿ ಎಂದು ಕೊರಗುವುದರಲ್ಲಿ ಎಷ್ಟೋ ಅಂಶ ಇನ್ನೊಬ್ಬರ ಬಿಡುಗಡೆಯಾಗಿರುತ್ತದೆ. ಹಂಪೆಯ, ದೋರಸಮುದ್ರದ ಕಲ್ಲು ಹೊತ್ತವರನ್ನು ಕೇಳಿದ್ದರೆ ವೈಭವದ ಕಥೆಯನ್ನು ಅವರು ಬೇರೆಯಾಗಿ ಹೇಳುತ್ತಿದ್ದರೇನೋ. ಬಿಟ್ಟಿಯ ದುಡಿಮೆಯ ಮೇಲೆ ನಿಂತ ಪಾಲನೆ ಬೀಳಲೇಬೇಕಾಗಿತ್ತು. ನಮ್ಮ ತಪ್ಪಿರುವುದು ಅದು ಬಿದ್ದುದರಲ್ಲಲ್ಲ. ಅದರ ಜಾಗದಲ್ಲಿ ನ್ಯಾಯವಾದ ಇನ್ನೊಂದು ಏರ್ಪಾಟನ್ನು ನಾವು ಕಟ್ಟಲಿಲ್ಲ. ಏರಿಯ ಮೇಲೆ ನಿಂತವರಿಗೆ ಕೆಸರಿಗೆ ಇಳಿಯುವುದು ಬೇಡವಾಗಿತ್ತು.

ಒಂದು ನಾಡು ಏಳಿಗೆಯಲ್ಲಿದೆಯೋ ಇಳಿಗಾಲದಲ್ಲಿದೆಯೋ ಎಂಬುದನ್ನು ನಾವು ಸಾಮಾನ್ಯವಾಗಿ ಅದು ಹೊಸದಾಗಿ ಕಟ್ಟಿದ್ದನ್ನು ನೋಡಿ ಅಳೆಯುತ್ತೇವೆ. ಕಟ್ಟಿದ್ದಕ್ಕೆ ಉದ್ಘಾಟನೆಯುಂಟು, ಕಲ್ಲಿನ ಮೇಲೆ ಹೆಸರುಂಟು. ಆದರೆ ಹಿಂದಿನವರು ಕಟ್ಟಿದ್ದರಲ್ಲಿ ಎಷ್ಟನ್ನು ಇಂದು ಯಾರು, ಯಾವ ಕೂಲಿಗೆ, ಯಾವ ಮನಸ್ಸಿನಿಂದ ನೋಡಿಕೊಳ್ಳುತ್ತಿದ್ದಾರೆ ಎಂದು ಕೇಳಿದರೆ ಹೆಚ್ಚು ನಿಜವಾದ ಉತ್ತರ ಸಿಕ್ಕೀತು. ಅಂಗಡಿಯಲ್ಲಿ ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರದ ಯತ್ನಗಳು ನಡೆದಿವೆ, ಸಂತೋಷದ ವಿಷಯ. ಜೀರ್ಣೋದ್ಧಾರವಾದ ಮರುವರ್ಷವೂ ಮಳೆ ಬರುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ನಮ್ಮ ಕೆರೆಯ ವಿಚಾರಕ್ಕೆ ಕಳೆದ ಬೇಸಗೆಯಲ್ಲಿ ಊರವರು ಒಂದು ದಿನ ಸೇರಿದೆವು. ಹಿಂದೆ ಗದ್ದೆಯಿಲ್ಲದೆ ಹೂಳು ಹೊತ್ತವರ ಮೊಮ್ಮಕ್ಕಳೂ ಬಂದಿದ್ದರು, ಮತ್ತು ಮೊದಲ ಬಾರಿಗೆ ಎಲ್ಲರೊಡನೆ ಜಗಲಿಯ ಮೇಲೆಯೇ ಕುಳಿತರು. ಕೆರೆಯ ನೀರು ಯಾರಿಗೆ, ದುಡಿದವರಿಗೆ ಕೂಲಿ ಎಷ್ಟು, ಕೊಡುವವರು ಯಾರು ಎಂಬ ಮಾತು ಸಂಜೆಯವರೆಗೆ ನಡೆದು ತೀರ್ಮಾನವಾಗದೆ ನಿಂತಿತು. ಮತ್ತೆ ಸೇರುವುದೆಂದು ಹೇಳಿ ಎದ್ದೆವು. ತೂಬಿಗೆ ಬೇಕಾದ ಕಲ್ಲು ಕೆರೆಯ ಅಂಗಳದಲ್ಲಿಯೇ ಬಿದ್ದಿದೆ.